ಸೆರೆಮನೆಯ ಸಂರಕ್ಷಣೆ: ಒಂದು ವಿಮರ್ಶೆ

ಬೆಂಗಳೂರಿನ ಕೇಂದ್ರ ಕಾರಾಗೃಹವು 1867ರಲ್ಲಿ ನಿರ್ಮಿತವಾದುದು. 2000ದಲ್ಲಿ ಬಂದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ತೆರವಾದ ಈ ಆವರಣವು 2008ರಲ್ಲಿ ಫ್ರೀಡಂ ಪಾರ್ಕ್ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ನಗರದ ನಡುವಣ ಇಷ್ಟು ಬೆಲೆಯುಳ್ಳ ನೆಲವನ್ನು ಮಾರದೆ ಸ್ಮಾರಕವಾಗಿ ಉಳಿಸಿದುದು ಶ್ಲಾಘ್ಯವೇ ಸರಿ. ಆದರೆ ಉಳಿಸಿದ ರೀತಿಯು ವಿಚಾರಾರ್ಹವಾಗಿದೆ.

ಗ್ರಂಥಸಂಪಾದಕನು ತನಗೆ ರುಚಿಸದ ಪಾಠವನ್ನು ಕಿತ್ತೊಗೆಯಲಾಗದು. ಕಟ್ಟಡವನ್ನು ರಕ್ಷಿಸುವವನಿಗೂ ಇದೇ ನಿಯಮ. ಇದಕ್ಕೆ ಮಾಗಡಿ ಸೀಮೆಯ ಕೆಂಪಾಪುರವೇ ದೃಷ್ಟಾಂತ. ಅಲ್ಲಿಯ ಗೋಪುರದ ಶಾಸನವು ಸ್ವಸ್ಥಾನದಲ್ಲಿಯೇ ಉಳಿದಿದ್ದುದರಿಂದ, ಅದು ಮೊದಲನೆಯ ಕೆಂಪೇಗೌಡನ ಸಮಾಧಿಯೆಂದು 2015ರಲ್ಲಿ ಗುರುತಿಸುವುದು ಸಾಧ್ಯವಾಯಿತು. ಸ್ವಂತ ನಾಣ್ಯವನ್ನು ಟಂಕಿಸಿದನೆಂದು ಆ ನಗರನಿರ್ಮಾಪಕನನ್ನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಿಟ್ಟರೆಂಬುದಾದರೋ ಐತಿಹ್ಯವಾಗಿ ಮಾತ್ರ ಉಳಿದಿದೆ. ಕಲ್ಲು ಉಳಿದೆಡೆ ನಿರ್ಣಯವುಂಟು. ಅಳಿದೆಡೆ ಕೇವಲ ಕಥೆ.

ಬೆಂಗಳೂರಿನಲ್ಲಿ ನಡುವಣ ಕಾವಲುಗೋಪುರವನ್ನು ಉಳಿಸಿದ್ದಾರೆ. ಒಬ್ಬ ಕಾವಲುಗಾರನ ಕಣ್ಣು ಎಲ್ಲ ಬಂದಿಗಳ ಮೇಲೂ ಬೀಳಬೇಕೆಂಬುದು ಇಂತಹ ಗೋಪುರದ ತತ್ತ್ವ. 18ನೆಯ ಶತಮಾನದ ಕೊನೆಯಲ್ಲಿ ಆಂಗ್ಲ ತತ್ತ್ವಜ್ಞನಾದ ಬೆಂಥಮನು ಇದನ್ನು ಪ್ರತಿಪಾದಿಸಿದನು. ಸುತ್ತಣ ಕೋಣೆಗಳ ಸಾಲು ಪೂರ್ಣವಾಗಿ ಕಾಣದೆ, ಹುಲ್ಲುಹಾಸು ಮಾತ್ರ ಕಂಡರೆ, ಭಯದ ಯಂತ್ರವಾಗಿದ್ದ ಗೋಪುರವು ಉದ್ಯಾನದ ಅಲಂಕಾರವಾಗುತ್ತದೆ. ಇದು ಪದವನ್ನುಳಿಸಿ ಅರ್ಥವನ್ನು ಕಳೆದಂತೆ.

ಇನ್ನು ನೆನೆಯತಕ್ಕವರ ವಿಷಯ. 1975ರ ತುರ್ತುಪರಿಸ್ಥಿತಿಯಲ್ಲಿ ಇಲ್ಲಿ ಬಂಧಿತರಾಗಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇವರ ಹೆಸರು ಪ್ರಸಿದ್ಧವಾಗಿದೆ. ಅದೇ ಕಾಲದಲ್ಲಿ ಇಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ಬಳಲಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ದಿನಚರಿ ಉಳಿದಿದೆ. ದಿನಚರಿ ಬರೆಯಲರಿಯದ, 133 ವರ್ಷಗಳ ಸಾಮಾನ್ಯ ಬಂದಿಗಳ ಗತಿಯೇನು? ಬಂಧನಾಗಾರದಲ್ಲಿ ಸ್ತ್ರೀಪುರುಷರಿಗೆ ಬೇರೆ ಬೇರೆ ಸ್ಥಾನವಿರಬೇಕೆಂದೂ, ಬಾಲರು, ವೃದ್ಧರು, ರೋಗಿಗಳು, ಅನಾಥರು ಇವರನ್ನು ಶುಭದಿನಗಳಲ್ಲಿ ಬಿಡಬೇಕೆಂದೂ ಕೌಟಿಲ್ಯನು ವಿಧಿಸಿದ್ದಾನೆ. ಹೆಸರಿಲ್ಲದವರನ್ನು ಅರ್ಥಶಾಸ್ತ್ರವೇ ಎಣಿಕೆಗೆ ತಂದಿರಲು ವಸ್ತುಸಂಗ್ರಹಾಲಯವು ಮರೆಯುವುದು ಉಚಿತವೆ?

ಕಡೆಯದಾಗಿ ಹೆಸರಿನ ಮಾತು. 2021ರ ಆದೇಶವೊಂದು ನಗರದ ಪ್ರತಿಭಟನೆಗಳನ್ನು ಈ ಆವರಣಕ್ಕೇ ಸೀಮಿತಗೊಳಿಸಿತು. ಹಿಂದೆ ಮನುಷ್ಯರನ್ನು ಕೂಡಿದ ಗೋಡೆಗಳ ನಡುವೆ ಈಗ ಮಾತನ್ನು ಕೂಡಿದಂತಾಯಿತು. ಸ್ವಾತಂತ್ರ್ಯವೆಂಬ ಹೆಸರು ಇಲ್ಲಿ ಅನ್ವರ್ಥವಾಗಬೇಕಾದರೆ, ಕೆಡವಿದ ಕೋಣೆಗಳ ನಕ್ಷೆಯನ್ನು ನೆಲದ ಮೇಲೆ ಗುರುತಿಸತಕ್ಕದ್ದು. ಬಂದಿಗಳ ಊಟ, ದುಡಿಮೆ, ರೋಗ, ಶಿಕ್ಷೆಗಳ ವಿವರವನ್ನು ಕನ್ನಡದಲ್ಲಿ ಬರೆದು ನಿಲ್ಲಿಸತಕ್ಕದ್ದು. ನೋಡಲು ಬಂದವನು ತಂಗಾಳಿಯನ್ನು ಸೇವಿಸಿ ಹಿಂದಿರುಗಿದರೆ ಅದು ಉದ್ಯಾನ. ಸೆರೆಯೆಂದರೇನೆಂಬುದನ್ನು ಅರಿತು ಹಿಂದಿರುಗಿದರೆ ಮಾತ್ರ ಅದು ಸ್ಮಾರಕ.