ಬಯೋಸ್ ಭಯ, ಫಾರ್ಮ್ಯಾಟ್ ಧೈರ್ಯ

ಕಂಪ್ಯೂಟರ್ ಕೆಟ್ಟಾಗ ಸಿಗುವ ಬಿಟ್ಟಿ ಸಲಹೆಗಳಲ್ಲಿ ಎರಡು ಬಹಳ ಹಳೆಯವು. ಬಯೋಸ್‌ಗೆ ಕೈಹಾಕಬೇಡಿ ಎನ್ನುವುದು ಒಂದು. ನೀಲಿ ಪರದೆ ಬಂದರೆ ಫಾರ್ಮ್ಯಾಟ್ ಮಾಡಿಸಿಬಿಡಿ ಎನ್ನುವುದು ಇನ್ನೊಂದು. ಮೊದಲನೆಯದು ಎಚ್ಚರಿಕೆ, ಎರಡನೆಯದು ಪರಿಹಾರ ಎಂದು ಎಲ್ಲರೂ ನಂಬಿದ್ದಾರೆ. ಡಿಸ್ಕ್‌ನ ವಿಷಯದಲ್ಲಂತೂ ಈ ಲೆಕ್ಕ ತಲೆಕೆಳಗಾಗಿದೆ.

ಬಯೋಸ್ ಭಯಕ್ಕೆ ಬುಡವೇ ಇಲ್ಲವೆಂದಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಮೂಲೆಗೆ ಬೀಳಬಹುದು. ಆದರೆ ಆಗ ಅಳಿಸಿ ಬರೆಯುತ್ತಿರುವುದು ಬಯೋಸ್ ಚಿಪ್‌ನೊಳಗಿನ ತಂತ್ರಾಂಶವನ್ನು. ಸೆಟಪ್‌ನಲ್ಲಿ ಸಾಟಾ ಮೋಡ್ ಬದಲಿಸುವುದು ಆ ಜಾತಿಯ ಕೆಲಸವಲ್ಲ. ಡಿಸ್ಕ್‌ಗಳನ್ನು ನೋಡಿಕೊಳ್ಳುವ ಕಂಟ್ರೋಲರ್ ವಿಂಡೋಸ್‌ಗೆ ಯಾವ ರೂಪದಲ್ಲಿ ಕಾಣಿಸಬೇಕು ಎಂಬುದಷ್ಟೇ ಅಲ್ಲಿನ ತೀರ್ಮಾನ. ಐಡಿಇ ಇದ್ದದ್ದನ್ನು ಎಎಚ್‌ಸಿಐ ಮಾಡಿದರೆ ಒಂದು ಫೋಟೋ ಕೂಡ ಅಳಿಯದು. ಹೊಸ ಮೋಡ್‌ನ ಡ್ರೈವರ್ ಸಿದ್ಧವಿಲ್ಲದ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು, ನಿಜ. ಹಳೆಯ ಮೋಡ್‌ಗೆ ಮರಳಿಸಿ ಸೇವ್ ಮಾಡಿದರೆ ಸಾಮಾನ್ಯವಾಗಿ ಅದೇ ವಿಂಡೋಸ್ ಮತ್ತೆ ಏಳುತ್ತದೆ.

ಹಾಗಿದ್ದರೆ ಮುಟ್ಟದಿರುವುದೇ ಕ್ಷೇಮವಲ್ಲವೇ ಎಂದು ಕೇಳಬಹುದು. ತೊಂದರೆಯೆಂದರೆ, ನಾವು ಮುಟ್ಟದಿದ್ದರೂ ಅದು ಬದಲಾಗುತ್ತದೆ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಈ ಸೆಟ್ಟಿಂಗ್‌ಗಳು ಉಳಿಯುವುದು ಸಿಆರ್2032 ಬಟನ್ ಸೆಲ್‌ನ ಬಲದಿಂದ. ಸೆಲ್ ಮುಗಿದ ದಿನ ಎಲ್ಲವೂ ಡಿಫಾಲ್ಟ್‌ಗೆ ಹೋಗುತ್ತದೆ; ಗಡಿಯಾರವೂ ಯಾವುದೋ ಹಳೆಯ ವರ್ಷ ತೋರಿಸುತ್ತದೆ. ಡಿಫಾಲ್ಟ್ ಎಂದರೆ ಬೋರ್ಡ್ ತಯಾರಿಸಿದವರ ಆಯ್ಕೆ, ನಿಮ್ಮ ವಿಂಡೋಸ್ ಇನ್‌ಸ್ಟಾಲ್ ಆದ ಮೋಡ್ ಅಲ್ಲ. ಎರಡೂ ಹೊಂದದಿದ್ದರೆ ನೀಲಿ ಪರದೆ. ಹೊಸ ಸೆಲ್ ಹಾಕಿ, ಮೋಡ್ ಸರಿಪಡಿಸಿದರೆ ಮುಗಿಯುವ ಕೆಲಸಕ್ಕೆ ‘ಬಯೋಸ್ ಮುಟ್ಟಬೇಡಿ’ ಎಂಬ ಜಾಣ್ಮೆ ಫಾರ್ಮ್ಯಾಟ್‌ನ ದಾರಿ ತೋರಿಸುತ್ತದೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲೂ ಇದೇ ಕಥೆ. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್ ಇರುವ ಹಲವು ಯಂತ್ರಗಳಲ್ಲಿ ವಿಎಂಡಿ ಎಂಬ ಸ್ಟೋರೇಜ್ ಸೆಟ್ಟಿಂಗ್ ಆನ್ ಆಗಿದ್ದರೆ ವಿಂಡೋಸ್ ಇನ್‌ಸ್ಟಾಲರ್‌ಗೆ ಎಸ್‌ಎಸ್‌ಡಿ ಕಾಣಿಸುವುದೇ ಇಲ್ಲ. ಎಸ್‌ಎಸ್‌ಡಿ ಹೋಯಿತು ಎನ್ನುವ ಮೊದಲು ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಕೊಟ್ಟು ನೋಡಬೇಕು.

ನಿಜವಾಗಿ ಹೆದರಬೇಕಾದವೂ ಸೆಟಪ್‌ನಲ್ಲಿವೆ. ರೈಡ್ ವಾಲ್ಯೂಮ್ ಕಟ್ಟುವುದು, ಅಳಿಸುವುದು, ಸೆಕ್ಯೂರ್ ಇರೇಸ್ ಒತ್ತುವುದು ದತ್ತಾಂಶಕ್ಕೇ ಕುತ್ತು. ಡಿಸ್ಕ್‌ಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಇದ್ದರೆ ರಿಕವರಿ ಕೀ ಕೈಯಲ್ಲಿಲ್ಲದೆ ಏನನ್ನೂ ಬದಲಿಸಬಾರದು. ‘ಮುಟ್ಟಬೇಡಿ’ ಎಂಬ ಒಂದೇ ಮಾತು ಇವನ್ನೂ ನಿರುಪದ್ರವಿ ಮೋಡ್ ಬದಲಾವಣೆಯನ್ನೂ ಒಂದೇ ತಕ್ಕಡಿಗೆ ಹಾಕುತ್ತದೆ. ಅದರ ದೋಷವೇ ಅದು.

ಯಂತ್ರ ಚೆನ್ನಾಗಿರುವಾಗಲೇ ಸ್ಟೋರೇಜ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಫಾರ್ಮ್ಯಾಟ್ ಮಾಡಬೇಕು ಎಂದವರನ್ನು, ‘ಸಾಟಾ ಮೋಡ್ ಏನಿತ್ತು, ಈಗ ಏನಿದೆ?’ ಎಂದು ಕೇಳಿ. ಉತ್ತರ ಬಾರದಿದ್ದರೆ ಡಿಸ್ಕ್ ಅವರ ಕೈಗೆ ಕೊಡಬೇಡಿ.