ನಾಲ್ಕು ತಾಲ್ಲೂಕು, ಒಂದೇ ಕೋಷ್ಟಕ

ಇಂಗ್ಲಿಷ್ ಬೋಧನೆಯ ಬಗ್ಗೆ ನಮ್ಮಲ್ಲಿ ಬರುವ ಪಿಎಚ್‌ಡಿ ಪ್ರಬಂಧಗಳ ಪೈಕಿ ಬಹುಪಾಲು ಒಂದೇ ಅಚ್ಚಿನವು. ಮೊದಲ ಅಧ್ಯಾಯ ಮೆಕಾಲೆಯ 1835ರ ಟಿಪ್ಪಣಿಯಿಂದ ಶುರು. (ಮೆಕಾಲೆಯ ಹೆಸರೆತ್ತದೆ ಆರಂಭವಾಗುವ ಪ್ರಬಂಧಕ್ಕೆ ಯಾರಾದರೂ ಒಂದು ದತ್ತಿ ಬಹುಮಾನ ಇಡಬೇಕು.) ಆಮೇಲೆ ವ್ಯಾಕರಣ-ಅನುವಾದ ವಿಧಾನ, ನೇರ ವಿಧಾನ, ರಚನಾ ವಿಧಾನ, ಸಂವಹನ ವಿಧಾನಗಳ ಮೆರವಣಿಗೆ. ಅದರ ಹಿಂದೆ ಪ್ರಶ್ನಾವಳಿ, ಕೋಷ್ಟಕ, ಶೇಕಡಾವಾರು. ಕೊನೆಗೆ ಶಿಫಾರಸು: ಶಿಕ್ಷಕರಿಗೆ ಹೆಚ್ಚಿನ ತರಬೇತಿ ಬೇಕು, ಭಾಷಾ ಪ್ರಯೋಗಾಲಯ ಬೇಕು, ತರಗತಿಯಲ್ಲಿ ಕನ್ನಡದ ಬಳಕೆ ತಗ್ಗಬೇಕು. ಇಷ್ಟನ್ನು ಹೇಳಲು ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಬೇಕಾಗಿರಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳು ಈ ಪರಂಪರೆಯಲ್ಲಿ ‘ಗ್ರಾಮೀಣ ಪ್ರದೇಶ’ ಎಂಬ ಒಂದೇ ಹೆಸರಿಗೆ ಸೇರಿಹೋಗುತ್ತವೆ. ತಲೆಬರಹದಲ್ಲಿ ಜಿಲ್ಲೆಯ ಹೆಸರಿರುತ್ತದೆ, ಒಳಗೆ ಜಿಲ್ಲೆ ಇರುವುದಿಲ್ಲ. ದಾವಣಗೆರೆಯನ್ನು ಅಳಿಸಿ ರಾಯಚೂರು ಎಂದು ಬರೆದರೂ ವಾಕ್ಯಗಳು ಹಾಗೆಯೇ ನಿಲ್ಲುತ್ತವೆ. ದಾವಣಗೆರೆ ಜಿಲ್ಲೆ ಎಂಬುದೇ 1997ರಲ್ಲಿ ಬೇರೆ ಬೇರೆ ಕಡೆಯ ತಾಲ್ಲೂಕುಗಳನ್ನು ಕೂಡಿಸಿ ಮಾಡಿದ ಜಿಲ್ಲೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಯಿತು. ಅಡಿಕೆಯ ದುಡ್ಡು ಓಡಾಡುವ ಚನ್ನಗಿರಿಯಲ್ಲಿ ಮಗುವನ್ನು ಕಾನ್ವೆಂಟಿಗೆ ಕಳಿಸುವ ಲೆಕ್ಕಾಚಾರವೇ ಬೇರೆ, ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೊರಡುವ ಜಗಳೂರಿನ ಲೆಕ್ಕಾಚಾರವೇ ಬೇರೆ. ಗುಳೆ ಹೋದ ಮಗುವಿಗೆ ತಪ್ಪಿದ ಪಾಠಗಳು ಬೋಧನಾ ವಿಧಾನದ ಕೋಷ್ಟಕದಲ್ಲಿ ಎಲ್ಲಿ ಕೂರಬೇಕು? ‘ವಿದ್ಯಾರ್ಥಿಗಳ ನಿರಾಸಕ್ತಿ’ ಎಂಬ ಸಾಲಿನಲ್ಲಿ ಕೂರುತ್ತವೆ.

ಭಾಷೆಯ ವಿಷಯಕ್ಕೆ ಬಂದರೆ ಈ ಕುರುಡು ಇನ್ನೂ ದಟ್ಟ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳವೆಂದು ಹೆಸರಾದದ್ದು, ದೇಶದ ಮೂಲೆಮೂಲೆಯ ಬಂಜಾರರು ಬರುವ ಕ್ಷೇತ್ರ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ. ಒಂದನೇ ತರಗತಿಯಲ್ಲಿ ಕನ್ನಡವೇ ಅದಕ್ಕೆ ಹೊಸದು, ಅದರ ಬೆನ್ನಿಗೇ ಇಂಗ್ಲಿಷ್. ಚನ್ನಗಿರಿ ಪಟ್ಟಣದ ಎಷ್ಟೋ ಮನೆಗಳಲ್ಲಿ ಉರ್ದು. ಪ್ರಶ್ನಾವಳಿ ಮಾತ್ರ ‘ಶಿಕ್ಷಕರು ಮಾತೃಭಾಷೆಯಲ್ಲಿ ವಿವರಿಸುತ್ತಾರೆಯೇ?’ ಎಂದು ಕೇಳಿ, ಹೌದು-ಇಲ್ಲ ಎಂದು ಎರಡು ಚೌಕ ಕೊಡುತ್ತದೆ. ಯಾರ ಮಾತೃಭಾಷೆ? ಹೌದು ಎಂದ ಶಿಕ್ಷಕರು ಹಳೆಯ ಕಾಲದವರಾಗಿ ಎಣಿಕೆಯಾಗುತ್ತಾರೆ. ಮಗುವಿನ ಭಾಷೆಗಳು ತರಗತಿಯ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ ಮೇಲೂ ಈ ಎಣಿಕೆ ನಿಂತಿಲ್ಲ. ತಾಂಡಾದ ಹುಡುಗಿ ಒಂದು ಇಂಗ್ಲಿಷ್ ವಾಕ್ಯವನ್ನು ಕನ್ನಡದಲ್ಲಿ ಕೇಳಿ, ಲಂಬಾಣಿಯಲ್ಲಿ ಪಕ್ಕದವಳಿಗೆ ಪಿಸುಗುಟ್ಟಿ, ಮತ್ತೆ ಇಂಗ್ಲಿಷಿನಲ್ಲಿ ಉತ್ತರ ಬರೆಯುವಾಗ ಅವಳ ತಲೆಯಲ್ಲಿ ಏನು ನಡೆಯುತ್ತದೆ? ನನ್ನ ಮಟ್ಟಿಗೆ ಸಂಶೋಧನೆಯ ಹೆಸರಿಗೆ ತಕ್ಕ ಪ್ರಶ್ನೆ ಅದು. ಅದನ್ನು ಹಿಡಿಯಲು ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂರಬೇಕು. ಪ್ರಶ್ನಾವಳಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಹಾಗೆ ಕೂತವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾಯಿತು. ವಾಕ್ಯರಚನೆಗಳನ್ನು ಒಂದೊಂದಾಗಿ ಬಾಯಲ್ಲಿ ತಿರುಗಿಸಿ ಕಲಿಸುವ ಕ್ರಮ ಆಗ ದಕ್ಷಿಣದಲ್ಲೆಲ್ಲ ನಡೆಯುತ್ತಿತ್ತು. ಅದರಿಂದ ಬೇಸತ್ತು 1979ರಲ್ಲಿ ಎನ್. ಎಸ್. ಪ್ರಭು, ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದವರು, ಕೆಲವು ಶಿಕ್ಷಕರೊಡನೆ ಬೇರೆಯೇ ದಾರಿ ಹಿಡಿದರು. 1984ರವರೆಗೆ, ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಧಾರಣ ಶಾಲೆಗಳಲ್ಲಿ, ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಇಟ್ಟರು. ಯಾವ ರೈಲು ಹಿಡಿದರೆ ಹೊತ್ತಿಗೆ ಮುಟ್ಟಬಹುದು ಎಂದು ಮಗು ತಲೆ ಕೆಡಿಸಿಕೊಳ್ಳುತ್ತಿರುವಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಈ ಕೆಲಸ ಪುಸ್ತಕವಾಗಿ ಬಂತು. ‘ಬೆಂಗಳೂರು ಯೋಜನೆ’ ಎಂಬ ಹೆಸರು ಜಗತ್ತಿನ ಭಾಷಾಬೋಧನೆಯ ಚರ್ಚೆಯಲ್ಲಿ ನೆಲೆಯಾಯಿತು. ಚಟುವಟಿಕೆ ಆಧಾರಿತ ಭಾಷಾ ಕಲಿಕೆಯ ಚರಿತ್ರೆಯನ್ನು ಯಾರೇ ಬರೆಯಲಿ, ಈ ಯೋಜನೆಯನ್ನು ದಾಟಿ ಹೋಗುವಂತಿಲ್ಲ.

ವಿಚಿತ್ರವೆಂದರೆ ನಮ್ಮ ಪ್ರಬಂಧಗಳಲ್ಲಿ ಪ್ರಭು ವಿದೇಶಿ ಮುದ್ರಣದ ಉಲ್ಲೇಖವಾಗಿ ಬರುತ್ತಾರೆ, ಎರಡನೇ ಅಧ್ಯಾಯದ ಮೆರವಣಿಗೆಯಲ್ಲಿ ಇನ್ನೊಂದು ಸ್ತಬ್ಧಚಿತ್ರವಾಗಿ. ಇಲ್ಲಿನ ಶಾಲೆಯೊಳಗಿಂದ ಹುಟ್ಟಿದ್ದನ್ನು ಇಲ್ಲಿನ ಶಾಲೆಯೊಳಗೇ ಮತ್ತೆ ಪರೀಕ್ಷಿಸೋಣ ಎಂಬ ಹುರುಪು ಅಲ್ಲಿ ಕಾಣುವುದಿಲ್ಲ. ಯೋಜನೆಯನ್ನು ಪೂಜಿಸಬೇಕಿಲ್ಲ. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಅದಕ್ಕೆ ಅಳತೆಯ ಮೆಚ್ಚುಗೆಯನ್ನಷ್ಟೇ ಕೊಟ್ಟಿತು. 1990ರಲ್ಲಿ ಬೆರೆಟ್ಟಾ ಬರೆದ ಇನ್ನೊಂದು ಲೇಖನ ನನಗೆ ಹೆಚ್ಚು ಮುಖ್ಯ. ಯೋಜನೆಗೆಂದೇ ಬಂದವರು ಈ ಕ್ರಮವನ್ನು ಅರಗಿಸಿಕೊಂಡಷ್ಟು ಶಾಲೆಯ ಕಾಯಂ ಶಿಕ್ಷಕರು ಅರಗಿಸಿಕೊಂಡಿರಲಿಲ್ಲ ಎಂದು ಅದು ತೋರಿಸಿತು. ಹೊನ್ನಾಳಿಯ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ನಿಲ್ಲುವುದು ಅಲ್ಲೇ. ಅವರನ್ನು ವಿಧಾನದ ಅಳತೆಪಟ್ಟಿಯಿಂದ ಅಳೆಯುವ ಮೊದಲು, ಅವರು ತಾವು ಮಾಡುವುದನ್ನು ಯಾಕೆ ಸರಿ ಎಂದುಕೊಂಡಿದ್ದಾರೆ ಎಂದು ಕೇಳಬೇಕಿತ್ತು. ಅತ್ಯುತ್ತಮ ವಿಧಾನ ಎಂಬುದೊಂದಿಲ್ಲ, ಶಿಕ್ಷಕರಿಗೆ ಮನವರಿಕೆಯಾದದ್ದೇ ಪಾಠಕ್ಕೆ ಜೀವ ಕೊಡುವುದು ಎಂದು ಪ್ರಭು ಕೂಡ 1990ರಲ್ಲಿ ವಾದಿಸಿದ್ದರು.

ಆ ಮೇಷ್ಟ್ರ ಮನವರಿಕೆಯನ್ನು ರೂಪಿಸುವುದು ಬಹುಮಟ್ಟಿಗೆ ಎಸ್ಸೆಸ್ಸೆಲ್ಸಿ. ದ್ವಿತೀಯ ಭಾಷೆ ಇಂಗ್ಲಿಷಿನ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ. ಪದ್ಯದ ಸಾಲುಗಳನ್ನು ಬಾಯಿಪಾಠ ಬರೆ, ಪತ್ರ ಬರೆ, ಚಿತ್ರ ನೋಡಿ ವಿವರಿಸು. ಆ ಹಾಳೆಯಲ್ಲಿ ಮಾತಿಗೆ ಜಾಗವಿಲ್ಲ. ಹೀಗಿರುವಾಗ ಬೋರ್ಡಿನ ಮೇಲೆ ಪತ್ರದ ನಮೂನೆ ಬರೆದು ಕಾಪಿ ಮಾಡಿಸುವ ಶಿಕ್ಷಕಿಯನ್ನು ಸಂವಹನ ವಿಧಾನ ತಿಳಿಯದವರು ಎಂದು ಬರೆಯುವುದು ಅನ್ಯಾಯ. ತನ್ನ ಮಕ್ಕಳು ಪಾಸಾಗುವ ದಾರಿ ಆಕೆಗೆ ಗೊತ್ತಿದೆ.

ಸಂಶೋಧಕರನ್ನಷ್ಟೇ ದೂರುವುದೂ ಸರಿಯಲ್ಲ. ಇವರಲ್ಲಿ ಹೆಚ್ಚಿನವರು ಡಿಗ್ರಿ ಕಾಲೇಜಿನ ಅಧ್ಯಾಪಕರು, ಪಾಠ ಮುಗಿಸಿ ಉಳಿದ ಹೊತ್ತಿನಲ್ಲಿ ಓದುವವರು. 2010ರ ಯುಜಿಸಿ ನಿಯಮಾವಳಿ ಪ್ರಕಟಿತ ಲೇಖನಗಳಿಗೆ ಅಂಕ ಕಟ್ಟಿತು. ಅಂಕವಿದ್ದಲ್ಲಿ ಅಂಗಡಿ ತೆರೆಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ನಿಯತಕಾಲಿಕೆಗಳನ್ನು ಕಿತ್ತುಹಾಕಿತು. ಇಂಥ ಕಡೆಯಲ್ಲೆಲ್ಲ ಇಂಗ್ಲಿಷಿನಲ್ಲೇ ಬರೆಯಬೇಕು. ಶಿಕ್ಷಕರು ಕನ್ನಡದಲ್ಲಿ ಆಡಿದ ಮಾತು ಇಂಗ್ಲಿಷ್ ಶೇಕಡಾವಾರಾಗಿ, ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಮುಳುಗುತ್ತದೆ. ಆ ಶಿಕ್ಷಕರ ಕ್ಲಸ್ಟರ್ ಸಭೆಗೆ ಅದರ ಒಂದು ಪುಟವೂ ಕನ್ನಡದಲ್ಲಿ ಬರುವುದಿಲ್ಲ.

ಬೇಕಾದ ಸಾಮಗ್ರಿ ಕಣ್ಣೆದುರೇ ಇದೆ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅಂದು ಸೇರಿ ನಡುವೆ ಬಿಡದೆ ಓದಿದವರು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಈಗ ಅವರು ಚನ್ನಗಿರಿಯ ಅಡಿಕೆ ಮಂಡಿಯಲ್ಲಿದ್ದಾರೆ, ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾರೆ, ಬಿ.ಇಡಿ ಮುಗಿಸಿ ಅತಿಥಿ ಶಿಕ್ಷಕರಾಗಿದ್ದಾರೆ. ಹತ್ತು ವರ್ಷದ ಆ ಇಂಗ್ಲಿಷಿನಲ್ಲಿ ಯಾವುದು ಉಳಿಯಿತು, ಯಾವುದನ್ನು ಆಮೇಲೆ ಮೊಬೈಲಿನಿಂದ ಕಲಿತರು, ಎಲ್ಲಿ ಬಾಯಿ ಕಟ್ಟಿತು ಎಂದು ಅವರನ್ನೇ, ಅವರವರ ಭಾಷೆಯಲ್ಲಿ ಕೇಳಬಹುದು. ಸೂರಗೊಂಡನಕೊಪ್ಪದ ಕಡೆ ಹೋಗುವವರು ಲಂಬಾಣಿ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.