ದೂರು ಮುಗಿಯಿತೆಂದು ಹೇಳುವವರು ಯಾರು?

ಬೆಂಗಳೂರಿನಲ್ಲಿ ಬೀದಿದೀಪ ಕೆಟ್ಟರೆ, ಚರಂಡಿಯ ಮೇಲಿನ ಚಪ್ಪಡಿ ಮುರಿದರೆ ಹೇಳಿಕೊಳ್ಳುವ ದಾರಿಗಳಿಗೆ ಬರವಿಲ್ಲ. ಪಾಲಿಕೆಯ 1533 ಸಹಾಯವಾಣಿ ಇದೆ, ‘ಸಹಾಯ’ ಆ್ಯಪ್ ಇದೆ, ರಸ್ತೆಗುಂಡಿಗಳಿಗೆಂದೇ ‘ಫಿಕ್ಸ್ ಮೈ ಸ್ಟ್ರೀಟ್’ ಬಂತು. ವಿದ್ಯುತ್ತಿಗೆ ಬೆಸ್ಕಾಂನ 1912, ನೀರು ಮತ್ತು ಒಳಚರಂಡಿಗೆ ಜಲಮಂಡಳಿಯ 1916. ಇಷ್ಟೆಲ್ಲ ಇದ್ದೂ, ಮುರಿದ ಚಪ್ಪಡಿಯ ಬಾಯಿಗೆ ಪಕ್ಕದ ಅಂಗಡಿಯವರು ಮರದ ಕೊಂಬೆ ಸಿಗಿಸಿ ತುದಿಗೆ ಕೆಂಪು ಬಟ್ಟೆ ಕಟ್ಟುವುದು ನಿಂತಿಲ್ಲ. ಕತ್ತಲಲ್ಲಿ ಬರುವ ಮುದುಕರ ಕಾಲು ಉಳಿಸುವುದು ಇವತ್ತಿಗೂ ಆ ಕೊಂಬೆಯೇ. ಈ ವ್ಯವಸ್ಥೆಯ ಮೂಲದೋಷ ಅದರ ಕೊನೆಯ ಹೆಜ್ಜೆಯಲ್ಲಿದೆ ಎಂಬುದು ನನ್ನ ವಾದ. ಕೆಲಸ ಮಾಡಬೇಕಾದ ಇಲಾಖೆಯೇ ಕೆಲಸ ಆಯಿತೆಂದು ಬರೆದುಕೊಳ್ಳುತ್ತದೆ. ಗುಂಡಿಗೆ ಸುರಿದ ಜಲ್ಲಿ ಎರಡು ಮಳೆಗೆ ಎದ್ದು ಹೋದರೂ ದಾಖಲೆಯಲ್ಲಿ ಆ ದೂರು ಬಗೆಹರಿದೇ ಇರುತ್ತದೆ. ಜಲಮಂಡಳಿ ಅಗೆದ ರಸ್ತೆಯನ್ನು ಪಾಲಿಕೆ ಮುಚ್ಚಬೇಕೋ, ಅಗೆದವರೇ ಮುಚ್ಚಬೇಕೋ ಎಂಬ ಎಳೆದಾಟದಲ್ಲಿ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವ ಉತ್ತರವೂ ಪರಿಹಾರದ ಲೆಕ್ಕಕ್ಕೆ ಸೇರಿಬಿಡಬಹುದು.

ಬ್ರಿಟನ್ನಿನಲ್ಲಿ ಮೈಸೊಸೈಟಿ ಎಂಬ ಸಂಸ್ಥೆ 2007ರಲ್ಲಿ ಇದೇ ಫಿಕ್ಸ್ ಮೈ ಸ್ಟ್ರೀಟ್ ಹೆಸರಿನ ತಾಣ ತೆರೆದಾಗ ಎರಡು ಒಳ್ಳೆಯ ಕೆಲಸ ಮಾಡಿತು. ದೂರನ್ನು ಎಲ್ಲರೂ ನೋಡುವಂತೆ ನಕ್ಷೆಯ ಮೇಲಿಟ್ಟಿತು. ನಾಲ್ಕು ವಾರ ಕಳೆದ ಮೇಲೆ, ಸರಿಯಾಯಿತೇ ಎಂದು ದೂರು ಕೊಟ್ಟವರನ್ನೇ ಕೇಳಿತು. ಇದರ ಬೆನ್ನಿಗೆ ಕಾನೂನೂ ಇತ್ತು. ಅಲ್ಲಿನ 1980ರ ಹೆದ್ದಾರಿ ಕಾಯ್ದೆಯಂತೆ, ಕೆಟ್ಟ ರಸ್ತೆಯಲ್ಲಿ ಬಿದ್ದವರು ಪರಿಹಾರ ಕೇಳಿದಾಗ ಸ್ಥಳೀಯ ಆಡಳಿತಕ್ಕೆ ಆ ದೋಷ ಗೊತ್ತಿತ್ತೇ ಎಂಬುದನ್ನು ನ್ಯಾಯಾಲಯ ಗಮನಿಸುತ್ತದೆ. ಹಾಗಾಗಿ ಒಂದು ದೂರು ಅಲ್ಲಿ ಸಾಕ್ಷ್ಯವೂ ಆಗಬಲ್ಲದು. ನಮಗೂ ಇಂಥ ಮಾದರಿ ಹೊಸದಲ್ಲ. 2011ರ ಸಕಾಲ ಕಾಯ್ದೆಯಲ್ಲಿ ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ತಪ್ಪಿತಸ್ಥ ಅಧಿಕಾರಿಯಿಂದಲೇ ಅದರ ವಸೂಲಿ. ಮೊತ್ತ ಚಿಕ್ಕದು, ತತ್ವ ದೊಡ್ಡದು. ಬಾಯ್ದೆರೆದ ಚರಂಡಿಗೂ ಅದೇ ಬಿಗಿಯಾದ ಗಡುವು, ಅದೇ ಹೊಣೆ ಬೇಕು.

ದೂರು ಕೊಟ್ಟವರ ಒಪ್ಪಿಗೆಯಿಲ್ಲದೆ ದೂರು ಮುಗಿಯಬಾರದೆಂದರೆ ಹಟಕ್ಕೆ ಬಿದ್ದ ನಾಲ್ಕು ಜನ ಎಂಜಿನಿಯರುಗಳನ್ನು ಕಾಡುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಅದು ನಿಜವೂ ಹೌದು. ಅಂಥ ಕಡೆ ತೀರ್ಪು ಹೇಳಬೇಕಾದದ್ದು ವಾರ್ಡ್ ಸಮಿತಿ: ಸ್ಥಳ ನೋಡಿ, ಎಲ್ಲರೆದುರು, ಹೆಸರು ಸಹಿತ. ಆದರೆ ಪಾಲಿಕೆಯ ಚುನಾಯಿತ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಮನೆ ಬಾಗಿಲಿಗೆ ಹೋಗಿ ಕೇಳಲು ಕಾರ್ಪೊರೇಟರೇ ಇಲ್ಲದ ಊರಿನಲ್ಲಿ ಆ್ಯಪ್‌ನ ಮೇಲೆ ಹೊರಲಾರದ ಭಾರ ಬಿತ್ತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಅದರಡಿ ಪಾಲಿಕೆ ಐದಾಯಿತು. ಆಡಳಿತ ಹತ್ತಿರ ಬಂತೆನ್ನಲು ಅಷ್ಟೇ ಸಾಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸ್ಮಾರ್ಟ್‌ಫೋನು, ಬಿಡುವು, ಅಧಿಕಾರಿಗಳ ಜೊತೆ ವಾದಿಸುವ ಧೈರ್ಯ ಇದ್ದವರು ಹೆಚ್ಚು ದೂರು ಕೊಡುತ್ತಾರೆ. ದೂರಿನ ಎಣಿಕೆ ನೋಡಿ ಹಣ ಹಂಚಿದರೆ ಲೇಔಟಿನ ಫುಟ್‌ಪಾತಿಗೆ ಮೂರನೇ ಸಲ ಟೈಲ್ಸ್ ಬೀಳುತ್ತದೆ, ಕೊಳೆಗೇರಿಯ ಗಲ್ಲಿ ಕತ್ತಲಲ್ಲೇ ಉಳಿಯುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ದೂರು ಬಾರದ ಬೀದಿ ಚೆನ್ನಾಗಿದೆ ಎಂದು ಯಾವ ಪಾಲಿಕೆಯೂ ತಿಳಿಯಕೂಡದು. ಎಂಜಿನಿಯರು ಬೀಟ್ ಪೊಲೀಸರಂತೆ ನಡೆದು ನೋಡಬೇಕು. ಬೆಳಗಿನ ಜಾವದಿಂದ ಆ ಗಲ್ಲಿ ಗುಡಿಸುವ ಪೌರಕಾರ್ಮಿಕರ ಮಾತೂ ಅದೇ ಪಟ್ಟಿಯಲ್ಲಿ ದಾಖಲಾಗಬೇಕು. ಅವರಿಗೆ ಯಾವ ಕಂಬದ ದೀಪ ಎಂದಿನಿಂದ ಉರಿಯುತ್ತಿಲ್ಲ ಎಂಬುದು ಗೊತ್ತಿರುತ್ತದೆ, ಕೇಳುವವರಿಲ್ಲ.